ಹೊಳೆದಂಡೆಯ ಮದುವೆಗೆ ವಾಂಕ್ಯೋ ಅಕ್ಕನ ಪಿಲಾವ್

ಸಂಜೆ ಸೆರೆಂಗೆಟಿಯ ಸಫಾರಿ ಮುಗಿಸಿ ಜೀಪು ಕ್ಯಾಂಪಿಗೆ ಬಂದು ನಿಂತ ಕೂಡಲೇ ವಾಂಕ್ಯೋ ಅಕ್ಕ ಅಡುಗೆಮನೆಯಿಂದ ಸೊಂಟದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಪ್ರವಾಸಿಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನೇರ ಜೀಪಿನ ಹಿಂಬಾಗಿಲಿಗೆ ಹೋಗಿ, ಬೆಳಿಗ್ಗೆ ತಾನೇ ಕಟ್ಟಿಕೊಟ್ಟಿದ್ದ ಊಟದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಕೈಯಲ್ಲೇ ತೂಗುತ್ತಿದ್ದಳು. ಅಷ್ಟರಿಂದಲೇ ಅವಳಿಗೆ ಆ ದಿನದ ಕಥೆಯೆಲ್ಲ ತಿಳಿದುಬಿಡುತ್ತಿತ್ತು.

ಡಬ್ಬಿಯಲ್ಲಿ ಬರೀ ಮೂಳೆ ಉಳಿದಿದ್ದರೆ, "ಪಾಪ, ಇವತ್ತು ಏನೂ ಕಂಡಿಲ್ಲ ಇವ್ರಿಗೆ, ಬೇಜಾರಿಗೆ ಎಲ್ಲಾ ತಿಂದ್ಬಿಟ್ಟಿದಾರೆ" ಎನ್ನುತ್ತಿದ್ದಳು. ಕೋಳಿ ತಿಂದು ಕೇಕ್ ಬಿಟ್ಟಿದ್ದರೆ ಸಿಂಹ. ಮೊಟ್ಟೆ ಅರ್ಧ ಕಚ್ಚಿ ಬಿಟ್ಟಿದ್ದರೆ ಚಿರತೆ, ಅದೂ ಬೇಟೆಯ ಸಮೇತ. ಆದರೆ ಕಟ್ಟಿದ ದಾರವನ್ನೇ ಬಿಚ್ಚದೆ ಡಬ್ಬಿಗಳು ವಾಪಸು ಬಂದ ದಿನ ಮಾತ್ರ ಅವಳ ಮುಖ ಗಂಟಿಕ್ಕಿಕೊಳ್ಳುತ್ತಿತ್ತು. ಅಂದು ನ್ಯೂಂಬುಗಳು ಮಾರಾ ಹೊಳೆ ದಾಟಿವೆ ಎಂದೇ ಅರ್ಥ.

ನ್ಯೂಂಬು ಅಂದರೆ ಪ್ರವಾಸಿಗಳು ವೈಲ್ಡ್‌ಬೀಸ್ಟ್ ಅನ್ನುತ್ತಾರಲ್ಲ, ಅದು. ಎಮ್ಮೆಯ ಕೊಂಬು, ಕುದುರೆಯ ಬಾಲ, ಮೇಕೆಯ ಗಡ್ಡ. ಸೃಷ್ಟಿ ಮುಗಿದ ಮೇಲೆ ಮಿಕ್ಕಿದ್ದನ್ನೆಲ್ಲ ಸೇರಿಸಿ ಮಾಡಿದ ಹಾಗಿರುತ್ತದೆ. ಆ ಮುಸುಡಿಯ ಪ್ರಾಣಿಗಾಗಿ ತನ್ನ ಹುರಿದ ಕೋಳಿಯನ್ನು ಮರೆಯುವವರಿದ್ದಾರೆ ಎಂಬುದನ್ನು ಅಕ್ಕನಿಗೆ ಒಪ್ಪಿಕೊಳ್ಳಲು ಆಗುತ್ತಲೇ ಇರಲಿಲ್ಲ.

"ಮಗೇಸ, ನಿಜ ಹೇಳು. ನನ್ ಕೋಳೀನ ಸೋಲಿಸೋ ಅಂಥದ್ದು ಏನಿದೆಯೋ ಆ ಹೊಳೇಲಿ?" ಎಂದು ನನ್ನನ್ನು ಕೇಳುತ್ತಿದ್ದಳು. ಮಗೇಸ ಅಂದರೆ ನಾನೇ, ಆ ಕ್ಯಾಂಪಿನ ಜೀಪು ಓಡಿಸುವವನು.

"ನೋಡಿದ್ರೇನೇ ಗೊತ್ತಾಗೋದು ಅಕ್ಕ. ಬಾ ಒಂದ್ಸಲ."

"ನಾನ್ ಬಂದ್ರೆ ಇಲ್ಲಿ ಸೂಪು ಕುದಿಸೋರು ಯಾರು? ನಿಮ್ಮಪ್ಪನಾ?"

ವಾಂಕ್ಯೋ ಅಕ್ಕ ತಾರಿಮೆ ಕಡೆಯ ಬೆಟ್ಟದವಳು, ಕುರಿಯಾ ಜನ, ದನ ಸಾಕುವವರ ಮಗಳು. ಗಂಡ ಚಿನ್ನದ ಗಣಿಯ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. "ಹೋಗ್ಲಿ ಬಿಡು, ಅವನ ನಾಲಿಗೆಗೆ ಮೊದಲಿಂದ್ಲೂ ರುಚಿ ಗೊತ್ತಿರ್ಲಿಲ್ಲ" ಎಂದು ಅಷ್ಟಕ್ಕೇ ಆ ವಿಷಯ ಮುಗಿಸಿದಳು. ಬೆನ್ನಿಗೆ ಮಗಳು ರೋಬಿಯನ್ನು ಕಟ್ಟಿಕೊಂಡು ನಮ್ಮ ಕ್ಯಾಂಪಿಗೆ ಪಾತ್ರೆ ತೊಳೆಯಲು ಬಂದಳು. ಬಂದ ವಾರದಲ್ಲೇ ಹೆಡ್ ಕುಕ್‌ನ ಸಾರಿಗೆ ಬೆರಳು ಅದ್ದಿ ನೆಕ್ಕಿ, "ಇದಕ್ಕೆ ಉಪ್ಪು ಹಾಕೋದು ಯಾವಾಗ?" ಎಂದು ಎಲ್ಲರೆದುರು ಕೇಳಿದಳು. ಅವನು ಸೌಟು ಎತ್ತಿಕೊಂಡು ಅವಳನ್ನು ಅಟ್ಟಿಸಿಕೊಂಡು ಹೋದ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಸೌಟು ಅಕ್ಕನ ಕೈಯಲ್ಲಿತ್ತು, ಅವನು ಅರೂಷಾ ಪೇಟೆಯಲ್ಲಿ ಬೇರೆ ಕೆಲಸ ಹುಡುಕುತ್ತಿದ್ದ.

ಅಷ್ಟು ವರ್ಷ ಸೆರೆಂಗೆಟಿಯ ಒಳಗೇ ಇದ್ದರೂ ಅಕ್ಕ ಕಂಡ ಪ್ರಾಣಿಗಳೆಂದರೆ ಅಡುಗೆಮನೆಗೆ ಬಂದವು ಮಾತ್ರ. ನೀರಿನ ಟ್ಯಾಂಕಿಗೆ ಸೊಂಡಿಲು ಇಳಿಬಿಡುವ ಆನೆ, ಮೊಟ್ಟೆ ಕದಿಯುವ ಬಬೂನ್ ಕೋತಿಗಳು, ಒಮ್ಮೆ ಎಣ್ಣೆಯ ಬಾಣಲೆಯನ್ನೇ ಕಚ್ಚಿಕೊಂಡು ಓಡಿದ ಕತ್ತೆಕಿರುಬ. "ಅವು ಪ್ರಾಣಿಗಳಲ್ಲ, ಕಳ್ಳರು" ಎನ್ನುವುದು ಅವಳ ಲೆಕ್ಕ. ಸೀಸನ್ ಮುಗಿಯುವ ಹೊತ್ತಿಗೆ, ಅತಿಥಿಗಳಿಲ್ಲದ ಒಂದು ದಿನ ನೋಡಿ, ಕೆಲಸದವರನ್ನು ಜೀಪಿನಲ್ಲಿ ಸಫಾರಿಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಪ್ರತಿ ವರ್ಷ ಎಲ್ಲರೂ ನಾನು ತಾನು ಎಂದು ಹತ್ತುತ್ತಿದ್ದರು. ಅಕ್ಕ ಮಾತ್ರ ಒಲೆ ಬಿಟ್ಟು ಕದಲುತ್ತಿರಲಿಲ್ಲ.

ಇಷ್ಟಾದರೂ ಹೊಳೆ ದಾಟುವುದಕ್ಕೂ ಅವಳಿಗೂ ಒಂದು ಹಳೆಯ ನಂಟಿತ್ತು. ಅದನ್ನು ಹೇಳದಿದ್ದರೆ ಮುಂದಿನದಕ್ಕೆ ರುಚಿಯಿಲ್ಲ.

ನಾವು ಡ್ರೈವರುಗಳು ರೇಡಿಯೋದಲ್ಲಿ ಪ್ರಾಣಿಗಳ ಹೆಸರನ್ನು ಬಿಚ್ಚಿ ಹೇಳುವುದಿಲ್ಲ. ಸಿಂಬಾ ಅಂದರೆ ಸಿಂಹ ಎಂದು ಪ್ರವಾಸಿಗಳು ವಿಮಾನ ಹತ್ತುವ ಮುಂಚೆಯೇ ಕಲಿತಿರುತ್ತಾರೆ. ರೇಡಿಯೋದಲ್ಲಿ ಆ ಮಾತು ಬಂತೋ, ಹಿಂದಿನಿಂದ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಾರೆ. ಹೋಗುವಷ್ಟರಲ್ಲಿ ಸಿಂಹ ಎದ್ದು ಹೋಗಿದ್ದರೆ ತಪ್ಪು ನನ್ನದು. ಅದಕ್ಕೇ ಸಿಂಹಕ್ಕೆ ಮೀಸೆಯಣ್ಣ, ಮರದ ಮೇಲಿನ ಚಿರತೆಗೆ ಮಹಡಿಯವನು ಎಂದು ಹೆಸರಿಟ್ಟುಕೊಂಡಿದ್ದೇವೆ. ನ್ಯೂಂಬುಗಳು ಹೊಳೆ ದಾಟುವುದಕ್ಕೆ ನಮ್ಮ ಮಾತು: ಮದುವೆ. ಅವು ದಾಟುವ ಜಾಗಗಳಿಗೆ ಒಂದನೇ ಕಡವು, ಎರಡನೇ ಕಡವು ಎಂದು ನಂಬರು.

ಅಡುಗೆಮನೆಯಲ್ಲೂ ಒಂದು ರೇಡಿಯೋ ಇರುತ್ತಿತ್ತು, ಜೀಪುಗಳು ವಾಪಸು ಬರುವುದು ತಿಳಿದರೆ ಸೂಪು ಬಿಸಿಮಾಡಲು. ಅಕ್ಕ ಹೊಸದಾಗಿ ಒಲೆ ಹಿಡಿದ ವರ್ಷ ಆ ರೇಡಿಯೋ ಒಂದು ಬೆಳಿಗ್ಗೆ ಕಿರುಚಿತು: "ನಾಲ್ಕನೇ ಕಡವಿನಲ್ಲಿ ಮದುವೆ! ನೆಂಟರು ತುಂಬಾ ಸೇರಿದ್ದಾರೆ! ಎಲ್ಲರೂ ಬನ್ನಿ!"

ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಎಲ್ಲ ಡ್ರೈವರುಗಳಿಗೆ ಕರೆಯುಂಟು, ಅಡುಗೆಯವಳಿಗೆ ಒಂದು ಮಾತಿಲ್ಲ! ಆದರೂ ಮದುವೆಮನೆಗೆ ಬರಿಗೈಯಲ್ಲಿ ಹೋಗುವ ಕುಲವಲ್ಲ ಅವಳದು. ಕೆಲಸದವರ ಊಟಕ್ಕೆಂದು ತಂದಿದ್ದ ಮೇಕೆ ಮಾಂಸವನ್ನಷ್ಟೂ ಹಾಕಿ, ಲವಂಗ, ಏಲಕ್ಕಿ, ಜೀರಿಗೆ ಸುರಿದು, ಕ್ಯಾಂಪಿನ ಅತಿ ದೊಡ್ಡ ಪಾತ್ರೆಯಲ್ಲಿ ಪಿಲಾವ್ ಮಾಡಿದಳು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಳು. ಪಾತ್ರೆ ತೊಳೆಯುವ ಬೋಕೆಯನ್ನೂ ಸಿಂಗರಿಸಿ, ಪಾತ್ರೆಯ ಒಂದು ಹಿಡಿ ಅವಳಿಗೆ ಕೊಟ್ಟು, ಇನ್ನೊಂದು ತಾನು ಹಿಡಿದು ದಾರಿಯಲ್ಲಿ ನಿಂತಳು. ನಾನು ಜೀಪು ನಿಲ್ಲಿಸಿದರೆ ಕೇಳುತ್ತಾಳೆ, "ಮದುಮಗಳು ಯಾವೂರೋಳು?"

ನಾನು ಸ್ಟಿಯರಿಂಗ್ ಮೇಲೆ ಬಿದ್ದು ನಕ್ಕೆ. ಉಸಿರು ಕಟ್ಟುವಷ್ಟು ನಕ್ಕೆ. ಕೊನೆಗೆ ಹೇಗೋ, "ಗಡ್ಡ ಇರೋಳು ಅಕ್ಕ" ಎಂದೆ. ವಿಷಯ ತಿಳಿದ ಮೇಲೆ ಸೌಟಿನಿಂದ ನನ್ನ ಬೆನ್ನಿಗೆ ಬಿದ್ದ ಏಟನ್ನು ಈಗಲೂ ಮರೆತಿಲ್ಲ. ಅಂದಿನಿಂದ ಉತ್ತರ ಸೆರೆಂಗೆಟಿಯ ಡ್ರೈವರುಗಳಿಗೆಲ್ಲ ಅವಳು ಪಿಲಾವ್ ಅಕ್ಕ. ರೇಡಿಯೋದಲ್ಲಿ ಮದುವೆ ಎಂದ ಕೂಡಲೇ ಯಾವನಾದರೂ ಒಬ್ಬ, "ಪಿಲಾವ್ ಅಕ್ಕನಿಗೆ ಹೇಳಿದ್ರಾ?" ಎಂದು ಸೇರಿಸಿಯೇ ಸೇರಿಸುತ್ತಿದ್ದ. ಅಡುಗೆಮನೆಯಲ್ಲಿ ಅವಳು ಅದನ್ನು ಕೇಳಿಸಿಕೊಂಡು ಈರುಳ್ಳಿಯನ್ನು ಇನ್ನಷ್ಟು ಜೋರಾಗಿ ಕೊಚ್ಚುತ್ತಿದ್ದಳು.

ಹೀಗಿರುವಾಗ ರೋಬಿ ಬೆಳೆದು ದೊಡ್ಡವಳಾಗಿ ಸರೋವರದ ದಂಡೆಯ ಮುಸೋಮಾ ಪಟ್ಟಣದಲ್ಲಿ, ಬಸ್ ನಿಲ್ದಾಣದ ಪಕ್ಕ ಹೋಟೆಲು ಹಾಕಿದಳು. ಸರೋವರದ ಮೀನು, ಉಗಾಲಿ ಮುದ್ದೆ, ವ್ಯಾಪಾರ ಭರ್ಜರಿ. ಒಬ್ಬಳಿಂದ ಆಗುತ್ತಿಲ್ಲ, ಬಾ ಎಂದು ತಾಯಿಯನ್ನು ಕರೆದಳು. ಈ ಸೀಸನ್ ಮುಗಿಸಿ ಹೋಗುವುದೆಂದು ಅಕ್ಕ ತೀರ್ಮಾನಿಸಿದಳು. ಎರಡು ತಂಡಗಳ ನಡುವೆ ಕ್ಯಾಂಪ್ ಖಾಲಿ ಬಿದ್ದ ದಿನ, ಕೆಲಸದವರ ಸಫಾರಿಗೆ ಯಾರು ಯಾರು ಎಂದು ನಾನು ಕೇಳುತ್ತಿದ್ದಾಗ ಒಲೆಯ ಹಿಂದಿನಿಂದ ದನಿ ಬಂತು.

"ನಾನು ಬರ್ತೀನಿ."

ಎಲ್ಲರೂ ತಿರುಗಿ ನೋಡಿದೆವು.

"ಏನ್ ಹಂಗ್ ನೋಡ್ತೀರಾ? ನಾಳೆ ನಾನು ಮುಸೋಮಾದಲ್ಲಿ ಮೀನು ಹುರೀತಾ ಕೂತಿರ್ತೀನಿ. ನನ್ ಕೋಳೀನ ಇಷ್ಟು ವರ್ಷ ಸೋಲಿಸಿದ್ದು ಯಾವ್ದು ಅಂತ ನೋಡ್ದೆ ಹೋಗಲ್ಲ ನಾನು. ಒಂದೇ ದಿನ ಮಗೇಸ, ತೋರಿಸ್ಬೇಕು."

ತೋರಿಸಬೇಕು! ನ್ಯೂಂಬುಗಳು ನನ್ನ ಮಾವನ ಮಕ್ಕಳೇ? ದಾಟಿದರೆ ಬೆಳಿಗ್ಗೆ ದಾಟಿಯಾವು, ಇಲ್ಲವೇ ವಾರವಿಡೀ ದಂಡೆಯಲ್ಲಿ ನಿಂತು ಹಿಂದಿರುಗಿಯಾವು. ಹತ್ತಾರು ದೇಶ ದಾಟಿ ಬಂದವರು ನೋಡದೆ ಅತ್ತುಕೊಂಡು ಹೋದದ್ದುಂಟು. ಆದರೂ ನನ್ನ ಬಾಯಿಂದ, "ತೋರಿಸ್ತೀನಿ ಅಕ್ಕ" ಎಂದು ಬಂದುಬಿಟ್ಟಿತು. ಆಮೇಲೆ ನನಗೆ ನಿದ್ದೆಯೇ ಹತ್ತಲಿಲ್ಲ.

ಬೆಳಿಗ್ಗೆ ನೋಡಿದರೆ ಅಕ್ಕ ಕಿತ್ತಳೆ ಬಣ್ಣದ ಹೊಸ ಕಿಟೆಂಗೆ ಬಟ್ಟೆ ಉಟ್ಟು, ಅದರದೇ ಒಂದು ತುಂಡನ್ನು ತಲೆಗೆ ಗೋಪುರದ ಹಾಗೆ ಸುತ್ತಿ, ಕಿವಿಗೆ ಬಳೆಯಂಥ ದೊಡ್ಡ ಓಲೆಗಳನ್ನು ತೂಗಿಸಿಕೊಂಡು ಬಂದಿದ್ದಾಳೆ. ಪಕ್ಕದಲ್ಲಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ ಪಾತ್ರೆ. ಪಿಲಾವಿನ ಘಮ ಜೀಪಿನ ತುಂಬ.

"ಡಬ್ಬಿ ಎಲ್ಲಕ್ಕ?" ಎಂದ ಮರ್ವಾ. ಅವನು ಡೇರೆ ಕಟ್ಟುವವನು, ತಾಳೆಮರದಷ್ಟು ಉದ್ದ, ಹೊಟ್ಟೆಯೂ ಅಷ್ಟೇ ಆಳ.

"ಮದುವೆಗೆ ಹೋಗೋರು ಯಾರಾದ್ರೂ ಡಬ್ಬಿ ಕಟ್ಕೊಂಡ್ ಹೋಗ್ತಾರೇನೋ? ಅವತ್ತು ನೀವೆಲ್ಲಾ ನಕ್ಕಿದ್ರಲ್ಲ, ಇವತ್ತು ಅದೇ ಪಿಲಾವ್ ನಿಮ್ಗೆ. ಆದ್ರೆ ಮದುವೆ ಆದ್ಮೇಲೇ ಊಟ. ಅದಕ್ ಮುಂಚೆ ಗಂಟಿಗೆ ಕೈ ಹಾಕಿದೋನ ಕೈ ಮುರೀತೀನಿ."

ಬೋಕೆ ಅಡುಗೆಮನೆ ಕಾಯಲು ಉಳಿದಳು. ನಾವು ಹೊರಟೆವು.

ನಾಲ್ಕನೇ ಕಡವು ತಲುಪುವಾಗಲೇ ದಂಡೆಯ ಮೇಲೆ ಜೀಪುಗಳು ಸಾಲುಗಟ್ಟಿದ್ದವು. ಎದುರು ದಂಡೆಯಲ್ಲಿ ನ್ಯೂಂಬು, ನ್ಯೂಂಬು, ನ್ಯೂಂಬು. ದಿಬ್ಬದಾಚೆಯಿಂದ ಇನ್ನೂ ಬರುತ್ತಲೇ ಇದ್ದವು, ಧೂಳೆಬ್ಬಿಸುತ್ತ, ಗೊಣಗುತ್ತ. ಅಕ್ಕ ತೆರೆದ ಛಾವಣಿಯಿಂದ ಸೊಂಟದ ತನಕ ಮೇಲೆದ್ದು ನಿಂತಳು.

"ಅಯ್ಯೋ ನಮ್ಮಪ್ಪಾ! ಇಷ್ಟೊಂದಾ? ನಮ್ ಬೆಟ್ಟದ ದನವೆಲ್ಲಾ ಸೇರ್ಸಿದ್ರೂ ಇದ್ರ ಬಾಲದಷ್ಟಿಲ್ಲ!"

ಮುಂದಿದ್ದ ಒಂದು ನ್ಯೂಂಬು ನೀರಿನ ಅಂಚಿಗೆ ಇಳಿಯಿತು, ಮೂಸಿತು.

"ಇಳೀತು! ಇಳೀತು ನೋಡು!" ಎಂದು ಅಕ್ಕ ನನ್ನ ತಲೆಗೆ ತಟ್ಟಿದಳು.

ಅದು ಗಕ್ಕನೆ ತಿರುಗಿ ಓಡಿತು. ಅದರ ಹಿಂದೆ ಇಡೀ ಹಿಂಡು. ಹೀಗೇ ಆಯಿತು ಬೆಳಗಿನಿಂದ ಮಧ್ಯಾಹ್ನದ ತನಕ. ಬರುವುದು, ಮೂಸುವುದು, ಓಡುವುದು. ಪ್ರತಿ ಸಲವೂ ಅಕ್ಕ, "ದನದೋರ ಮಗಳು ನಾನು, ನಂಗ್ ಗೊತ್ತು, ಈ ಸಲ ಇಳಿಯೋದೇ" ಎನ್ನುವಳು. ಪ್ರತಿ ಸಲವೂ ಸುಳ್ಳಾಗುವುದು. ನನ್ನ ತಲೆ ಮಾತ್ರ ತಟ್ಟಿಸಿಕೊಂಡು ತಟ್ಟಿಸಿಕೊಂಡು ಚುರುಗುಡುತ್ತಿತ್ತು.

ಬಿಸಿಲು ಏರಿತು. ಪಿಲಾವಿನ ವಾಸನೆಯೂ ಏರಿತು.

"ಅಕ್ಕ, ಒಂದು ತುತ್ತು," ಎಂದ ಮರ್ವಾ. "ಮಾಂಸದ ಚೂರು ಬೇಡ, ಬರೀ ಅನ್ನ."

"ಮುಹೂರ್ತ ಆಗದೆ ಬಡಿಸೋಕಾಗಲ್ಲ."

"ಹುಡುಗಿ ಒಪ್ತಾ ಇಲ್ಲ ಅನ್ಸುತ್ತೆ ಅಕ್ಕ. ಮುಂಚೇನೇ ವಿಚಾರಿಸ್ಬೇಕಿತ್ತು."

"ನಿಂಗಿನ್ನೂ ಯಾರೂ ಹೆಣ್ಣು ಕೊಟ್ಟಿಲ್ಲ, ನೀನು ಬೇರೆಯವ್ರ ಮದುವೆ ಮಾತಾಡ್ಬೇಡ."

ನಗು ಎದ್ದಿತು. ಆದರೆ ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಅಕ್ಕ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು, ಬಸ್ಸಿಗೆ ಕಾಯುವವರ ಹಾಗೆ.

ಹೊತ್ತು ಇಳಿಯುವಾಗ ಹಿಂಡು ಸಾಲುಕಟ್ಟಿಕೊಂಡು ದಂಡೆ ಬಿಟ್ಟು ಮೇಲಕ್ಕೆ ಹೊರಟಿತು. ಹುಲ್ಲು ಮೇಯುತ್ತ ದಿಬ್ಬದಾಚೆ ಮರೆಯಾಯಿತು. ಒಂದೊಂದೇ ಜೀಪು ಕದಲಿತು. ಕತ್ತಲಾಗುವ ಮುಂಚೆ ಕ್ಯಾಂಪಿಗೆ ಸೇರಿರಬೇಕು, ಅದು ಅಭಯಾರಣ್ಯದ ಕಾನೂನು. ತಪ್ಪಿದರೆ ದಂಡವಷ್ಟೇ ಅಲ್ಲ, ನನ್ನ ಗೈಡ್ ಲೈಸೆನ್ಸಿಗೇ ಕುತ್ತು. ನಾನು, "ಹೊರಡೋಣ್ವಾ ಅಕ್ಕ?" ಎಂದೆ.

"ನಡಿ."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಆ ನ್ಯೂಂಬುಗಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದಿನವೂ ಯಾರ್ಯಾರಿಗೋ ಕುಣಿದು ತೋರಿಸುವ ಮುಂಡೇವು, ಇಷ್ಟು ವರ್ಷ ಒಲೆಯ ಮುಂದೆ ಬೆಂದವಳಿಗೆ ಒಂದು ದಿನ ತೋರಿಸಲಾರವೇ?

ಅರ್ಧ ದಾರಿಯಲ್ಲಿ ಮರ್ವಾ ಮೆಲ್ಲಗೆ, "ಇನ್ನಾದ್ರೂ ಬಿಚ್ಚು ಅಕ್ಕ" ಎಂದ.

"ಮುರಿದ ಮದುವೆ ಊಟ ಯಾರಾದ್ರೂ ತಿಂತಾರೇನೋ?" ಎಂದಳು ಅಕ್ಕ.

ಆಗ ರೇಡಿಯೋ ಗೊರಗುಟ್ಟಿತು. "ಆರನೇ ಕಡವು! ಮದುವೆ! ಮದುವೆ! ದಿಬ್ಬಣ ನೀರಿಗಿಳೀತು! ಪಿಲಾವ್ ಅಕ್ಕನಿಗೆ ಹೇಳ್ರೋ!"

ನಾನು ಬ್ರೇಕ್ ಒತ್ತಿದೆ. ಸೂರ್ಯ ಅಕೇಶಿಯಾ ಮರದ ಮೇಲೆ ಒಂದು ಮೊಳ ಎತ್ತರದಲ್ಲಿದ್ದ. ತಿರುಗಿದರೆ ತಡವಾಗುವುದು ಖಂಡಿತ. ಹಿಂದೆ ನೋಡಿದೆ. ಅಕ್ಕ ನನ್ನನ್ನು ಕೇಳಲಿಲ್ಲ. ಕೇಳಬಾರದೆಂದು ತುಟಿ ಕಚ್ಚಿ ಹಿಡಿದಿದ್ದಳು, ಅದು ಕಾಣುತ್ತಿತ್ತು.

"ಗಟ್ಟಿಯಾಗಿ ಹಿಡ್ಕೊಳ್ಳಿ!" ಎಂದು ಸ್ಟಿಯರಿಂಗ್ ತಿರುಗಿಸಿಯೇಬಿಟ್ಟೆ.

ಆ ಓಟ! ನನ್ನ ಜನ್ಮದಲ್ಲಿ ಹಾಗೆ ಓಡಿಸಿರಲಿಲ್ಲ. ಹಳ್ಳಕ್ಕೆ ಇಳಿದು ಹಾರಿದಾಗ ಮರ್ವಾನ ತಲೆ ಛಾವಣಿಯ ಸರಳಿಗೆ ಬಡಿದು ಢಣ್ ಎಂದಿತು. ಕಾಡುಹಂದಿಗಳು ಬಾಲ ನಿಗುರಿಸಿ ಚೆಲ್ಲಾಪಿಲ್ಲಿ. ಅಕ್ಕ ಪಾತ್ರೆಯನ್ನು ಮಗುವಿನ ಹಾಗೆ ಅವುಚಿಕೊಂಡು, "ಓಡ್ಸೋ! ಓಡ್ಸೋ ನನ್ ರಾಜಾ! ನೀನು ಡ್ರೈವರ್ರಾ, ಆಮೇನಾ? ಓಡ್ಸೋ!" ಎಂದು ಕೂಗುತ್ತಿದ್ದಳು.

ಆರನೇ ಕಡವಿನಲ್ಲಿ ಹೊಳೆಯೇ ಕಾಣಿಸುತ್ತಿರಲಿಲ್ಲ. ದಂಡೆಯ ಮಣ್ಣು ಕುಸಿಯುತ್ತಿತ್ತು, ಅದರ ಜೊತೆ ನ್ಯೂಂಬುಗಳೂ ಕುಸಿದು ನೀರಿಗೆ ಬೀಳುತ್ತಿದ್ದವು. ಮೇಲಿನಿಂದ ಹಾರುವವು, ಹಾರಿದವುಗಳ ಬೆನ್ನ ಮೇಲೆ ಬೀಳುವವು, ನೀರಿನಲ್ಲಿ ಕೊಂಬುಗಳ ಸಾಲು, ನಡುನಡುವೆ ಜೀಬ್ರಾಗಳ ಕೂಗು. ನೆಲವೇ ಗುಡುಗುಡು ಎನ್ನುತ್ತಿತ್ತು. ಕೆಳಗಡೆ ಮರದ ದಿಮ್ಮಿಯ ಹಾಗೆ ಬಿದ್ದಿದ್ದ ಮೊಸಳೆಗಳು ಒಂದೊಂದಾಗಿ ದಿಮ್ಮಿಯ ವೇಷ ಬಿಟ್ಟವು.

ಅಕ್ಕ ಸೀಟಿನ ಮೇಲೆ ಹತ್ತಿ ನಿಂತಿದ್ದಳು. ತಲೆಯ ಗೋಪುರ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಅವಳ ಕಣ್ಣು ಒಂದೇ ಕಡೆ. ನಮ್ಮ ದಂಡೆಗೆ ಆಗಲೇ ಹತ್ತಿದ್ದ ಒಂದು ತಾಯಿ ನ್ಯೂಂಬು ಮುಂದೆ ಹೋಗದೆ ತಿರುಗಿ ನಿಂತು ಕೂಗುತ್ತಿತ್ತು. ನಡುನೀರಿನಲ್ಲಿ ಅದರ ಕರು. ಮೂಗು ಮಾತ್ರ ಮೇಲೆ. ಸೆಳವು ಅದನ್ನು ಕೆಳಕ್ಕೆ, ಮೊಸಳೆಗಳ ಕಡೆಗೆ ಎಳೆಯುತ್ತಿತ್ತು.

"ಬಾರೋ ಕಂದಾ!" ಎಂದು ಅಕ್ಕ ಚೀರಿದಳು. "ಆ ಕಡೆ ನೋಡ್ಬೇಡ! ಅಮ್ಮ ಇಲ್ಲೇ ಅವ್ಳೆ, ಇಲ್ಲಿ! ಕಾಲು ಬಡಿ! ಬಡಿಯೋ!"

ಹೊಳೆದಂಡೆಯಲ್ಲಿ ಯಾರೂ ಸದ್ದು ಮಾಡಬಾರದು. ಪ್ರವಾಸಿಗಳು ಪಿಸುಗುಟ್ಟಿದರೂ ಗದರುವವನು ನಾನು. "ಅಕ್ಕ, ಸುಮ್ನಿರು" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಮೊಸಳೆ ಕರುವಿನ ಹಿಂದೆ ಮುಳುಗಿತು. ನನ್ನ ಬಾಯಿಂದ ಬಂದದ್ದು, "ಓಡೋ! ಓಡೋ ನನ್ಮಗನೇ!" ಎಂಬ ಕೂಗು. ಮರ್ವಾ ಛಾವಣಿ ಬಡಿಯುತ್ತಿದ್ದ. ನಾವೆಲ್ಲರೂ ನಮ್ಮದೇ ಕರುವೇನೋ ಎಂಬಂತೆ ಅರಚುತ್ತಿದ್ದೆವು.

ಕರುವಿನ ಕಾಲಿಗೆ ನೆಲ ಸಿಕ್ಕಿತು. ಒಮ್ಮೆ ಜಾರಿತು, ಎದ್ದಿತು, ಮತ್ತೆ ಜಾರಿತು. ಹಿಂದೆ ನೀರು ಸಿಡಿಯಿತು, ಬಾಯಿ ತೆರೆದದ್ದು ಬರಿದೇ ಮುಚ್ಚಿಕೊಂಡಿತು. ಕರು ದಂಡೆ ಹತ್ತಿ, ಮೈಯೆಲ್ಲ ನೀರು ಸುರಿಸುತ್ತ, ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗುವ ಹಾಗೆ ನಡುಗುತ್ತ ನಿಂತಿತು. ತಾಯಿ ಬಂದು ಅದನ್ನು ಮೂಸಿತು, ಕೂಗುವುದನ್ನು ನಿಲ್ಲಿಸಿತು.

ವಾಂಕ್ಯೋ ಅಕ್ಕ ಸೀಟಿನ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಇದಕ್ಕೆ ಮದುವೆ ಅಂತ ಹೆಸರಿಟ್ಟೋನು ಯಾವನೋ ಮಗೇಸ?"

"ಗೊತ್ತಿಲ್ಲ ಅಕ್ಕ. ಹಳೇ ಡ್ರೈವರ್ ಯಾರೋ."

"ಗಂಡಸೇ ಇರ್ಬೇಕು. ಮದುವೆಯಲ್ಲ ಕಣೋ ಇದು. ಹೆರಿಗೆ."

ಎಷ್ಟು ನೂರು ಸಲ ನಾನು ಆ ಹೊಳೆಯ ಮುಂದೆ ನಿಂತಿಲ್ಲ! ಅಂದು ಮೊದಲ ಸಲ ನೋಡಿದ ಹಾಗಾಯಿತು. ಆ ಸಂತೋಷದಲ್ಲಿ ನನಗೆ ಲೈಸೆನ್ಸಿನ ನೆನಪೂ ಇರಲಿಲ್ಲ.

ನೆನಪು ಮಾಡಿಕೊಟ್ಟವನು ದಾರಿಯಲ್ಲಿ ಅಡ್ಡ ನಿಂತ ರೇಂಜರ್. ಸೂರ್ಯ ಮುಳುಗಿ ಬೆಳಕು ಮಾತ್ರ ಉಳಿದಿತ್ತು. "ಏನಯ್ಯಾ, ಇಷ್ಟೊತ್ತಿಗೆ?" ಎಂದು ಬಂದ. ನಾನು ತಡವರಿಸುವಷ್ಟರಲ್ಲಿ ಹಿಂದಿನಿಂದ ಅಕ್ಕ ಅಂದಳು: "ಹೆರಿಗೆ ಆಯ್ತು ಅಣ್ಣಾ, ಅದಕ್ಕೇ ತಡ."

ರೇಂಜರ್ ಗಾಬರಿಯಾಗಿ ಒಳಗೆ ಇಣುಕಿದ. ಕೆದರಿದ ಕೂದಲು, ಅತ್ತ ಕಣ್ಣು, ಮಡಿಲಲ್ಲಿ ಬಿಳಿ ಬಟ್ಟೆಯ ಗಂಟು. "ಮಗು... ಚೆನ್ನಾಗಿದೆಯಾ ಅಮ್ಮಾ?"

"ಚೆನ್ನಾಗಿದೆ ಅಣ್ಣಾ. ದಂಡೆ ಹತ್ತಿಬಿಡ್ತು!"

ಅವನು ಟೋಪಿ ತೆಗೆದು ದಾರಿ ಬಿಟ್ಟ. ಒಂದು ತಿರುವು ದಾಟುವ ತನಕ ನಾವು ಉಸಿರು ಬಿಗಿಹಿಡಿದಿದ್ದೆವು. ಆಮೇಲಿನ ನಗುವಿಗೆ ಜೀಪು ಎರಡು ಸಲ ದಾರಿ ತಪ್ಪಿತು.

ಕ್ಯಾಂಪಿನಲ್ಲಿ ಜೀಪು ನಿಂತ ಕೂಡಲೇ ಬೋಕೆ ಸೊಂಟದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಬಂದಳು. ಯಾರನ್ನೂ ಮಾತಾಡಿಸದೆ ಹಿಂಬಾಗಿಲಿಗೆ ಹೋಗಿ ಪಾತ್ರೆಯ ಹಿಡಿಗೆ ಕೈ ಹಾಕಿ ಎತ್ತಲು ನೋಡಿದಳು. ಒಂದು ಕೈಗೆ ಏಳಲಿಲ್ಲ. ಬಟ್ಟೆಯ ಗಂಟು ಬೆಳಿಗ್ಗೆ ಕಟ್ಟಿದ ಹಾಗೇ ಇತ್ತು. ಆಗಲೇ ನಮಗೂ ಹೊಳೆದದ್ದು, ಯಾರೂ ಊಟ ಮಾಡಿಲ್ಲ ಎಂದು. ದಿನವಿಡೀ ಅನ್ನ ಅನ್ನ ಎಂದು ಪ್ರಾಣ ತಿಂದಿದ್ದ ಮರ್ವಾನಿಗೂ ನೆನಪಾಗಿರಲಿಲ್ಲ.

ಬೋಕೆ ಸೊಂಟದ ಮೇಲೆ ಕೈಯಿಟ್ಟು ಅಕ್ಕನನ್ನು ನೋಡಿದಳು. "ಅಕ್ಕಾ, ನಿನ್ ಪಿಲಾವ್‌ನ ಸೋಲಿಸೋ ಅಂಥದ್ದು ಏನಿತ್ತು ಆ ಹೊಳೇಲಿ?"

ಅಕ್ಕ ಹೇಳಲು ಬಾಯಿ ತೆರೆದಳು. ಕೈಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿದಳು, ಅದೂ ಸಾಕಾಗಲಿಲ್ಲ. "ಬೆಂಕಿ ಹಾಕು, ಬಿಸಿ ಮಾಡೋಣ" ಎಂದಳು.

ಅವಳು ಮುಸೋಮಾಕ್ಕೆ ಹೊರಡುವ ವಾರ ಕೊನೆಯ ತಂಡ ಬಂದಿತ್ತು. ಒಂದು ಸಂಜೆ ಡಬ್ಬಿಗಳು ದಾರ ಬಿಚ್ಚದೆ ವಾಪಸಾದವು. ಅಕ್ಕ ಒಂದನ್ನು ಎತ್ತಿ ತೂಗಿದಳು. ನಾವು ಬೈಗುಳಕ್ಕೆ ಕಾದು ನಿಂತೆವು. ಅವಳು ನೇರ ಜೀಪಿನಿಂದ ಇಳಿಯುತ್ತಿದ್ದ ಒಬ್ಬ ಬಿಳಿಕೂದಲಿನ ವಿದೇಶಿ ಹೆಂಗಸಿನ ಬಳಿಗೆ ಹೋಗಿ ಅವಳ ಕೈ ಹಿಡಿದಳು. ಇವಳ ಮಾತು ಅವಳಿಗೆ ತಿಳಿಯದು, ಅವಳದು ಇವಳಿಗೆ. ಅಕ್ಕ ಕತ್ತು ಚಾಚಿ, ದಂಡೆಯ ಮೇಲಿನ ತಾಯಿಯ ಹಾಗೆ ಒಮ್ಮೆ ಕೂಗಿದಳು. ಆ ಹೆಂಗಸು ಅಕ್ಕನ ಮುಖವನ್ನೇ ನೋಡಿದಳು, ಆಮೇಲೆ ಅವಳೂ ಹಾಗೆಯೇ ಕೂಗಿ, ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅತ್ತು ನಕ್ಕಳು. ಅಂದು ಅಕ್ಕ ಡಬ್ಬಿಯ ಕೋಳಿಯನ್ನೆಲ್ಲ ಮತ್ತೆ ಬಿಸಿ ಮಾಡಿ, ತಾನೇ ನಿಂತು ಎಲ್ಲರಿಗೂ ಬಡಿಸಿದಳು.